ಓಕ್ ಮರಕ್ಕೆ ಮೊಳೆ ಯಾಕೆ ಹೊಡೆಯಲ್ಲ?

ನಾನು ಓಕ್ ಮರದಲ್ಲಿ ಹಳೆಯ ಶೈಲಿಯ ದೀಪ, ಮೇಜು, ಕುರ್ಚಿಗಳನ್ನು ಕೈಯಿಂದಲೇ ಮಾಡುತ್ತೇನೆ. ನೋಡಲು ಬಂದವರು ಕುರ್ಚಿಯನ್ನು ತಲೆಕೆಳಗು ಮಾಡುತ್ತಾರೆ, ಮೇಜಿನ ಅಡಿಗೆ ಬಗ್ಗಿ ಹುಡುಕುತ್ತಾರೆ. ಆಮೇಲೆ ಅದೇ ಪ್ರಶ್ನೆ: "ಒಂದು ಮೊಳೆಯೂ ಇಲ್ವಲ್ಲ, ಇದು ಗಟ್ಟಿ ನಿಲ್ಲುತ್ತಾ?"

ನಿಲ್ಲುತ್ತದೆ. ಮೊಳೆ ಹೊಡೆದಿದ್ದರೇ ನನಗೆ ಭಯ.

ಓಕ್‌ನಲ್ಲಿ ಟ್ಯಾನಿನ್ ಅನ್ನುವ ಒಗರು ಅಂಶ ಜಾಸ್ತಿ. ಅದಕ್ಕೆ ಕಬ್ಬಿಣವೂ ತೇವವೂ ಸೇರಿದರೆ ನೀಲಿಗಪ್ಪು ಕಲೆ ಮೂಡುತ್ತದೆ. ಯುರೋಪಿನಲ್ಲಿ ನೂರಾರು ವರ್ಷ ಹಸ್ತಪ್ರತಿಗಳನ್ನು ಬರೆದ ಶಾಯಿ ಹೀಗೇ ತಯಾರಾಗುತ್ತಿತ್ತು. ಓಕ್ ಮರದ ಮೇಲೆ ಕೀಟಗಳಿಂದ ಬೆಳೆಯುವ ಗಂಟುಕಾಯಿಗಳ ರಸಕ್ಕೆ ಕಬ್ಬಿಣದ ಲವಣ ಬೆರೆಸುತ್ತಿದ್ದರು. ಮೊಳೆಯ ಸುತ್ತ ಆಗುವುದೂ ಅದೇ. ಮರ ಕಪ್ಪಾಗುತ್ತದೆ, ಮೊಳೆಯೂ ತುಕ್ಕು ಹಿಡಿದು ಸವೆಯುತ್ತದೆ. ಅಂಟು ಹಚ್ಚಿ ಕಬ್ಬಿಣದ ಕ್ಲ್ಯಾಂಪ್ ಬಿಗಿಯುವಾಗ ಕೂಡ ನಾನು ನಡುವೆ ಕಾಗದ ಇಡುತ್ತೇನೆ. ಉಕ್ಕಿನ ನಾರಿನಿಂದ ಉಜ್ಜುವುದಂತೂ ಇಲ್ಲವೇ ಇಲ್ಲ. ಅದರ ಚೂರುಗಳು ಮರದ ರಂಧ್ರಗಳಲ್ಲಿ ಉಳಿದುಬಿಡುತ್ತವೆ, ನೀರು ತಾಗಿದಾಗ ಕಪ್ಪು ಚುಕ್ಕೆಗಳಾಗುತ್ತವೆ.

ಆದರೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಡಿದು, ಸೀಳಿ, ಒಣಗಿಸಿದ ಮೇಲೂ ಮರ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಜಾಸ್ತಿ. 90 ಸೆಂ.ಮೀ. ಅಗಲದ ಓಕ್ ಮೇಜಿನ ಹಲಗೆಯಲ್ಲಿ ತೇವ ಶೇ. 4ರಷ್ಟು ಬದಲಾದರೆ, ಅಗಲ 1 ಸೆಂ.ಮೀ.ಗಿಂತಲೂ ಜಾಸ್ತಿ ಬದಲಾಗಬಹುದು. ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳಿಗೆ ಅಡ್ಡವಾಗಿ ಕೊಯ್ದ ಹಲಗೆಯಾದರೆ ಸುಮಾರು ಅದರ ಅರ್ಧ. ಅಂಥ ಹಲಗೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಪಟ್ಟೆಗಳೂ ಕಾಣುತ್ತವೆ. ಅವುಗಳಿಗಾಗಿಯೇ ನಾನು ಓಕ್ ಹಿಡಿದು ಕೂತಿರುವುದು ಅಂದರೂ ಸರಿಯೇ.

ಅಂಥ ಮೇಜಿನ ಹಲಗೆಯನ್ನು ಚೌಕಟ್ಟಿಗೆ ಮೊಳೆಯಿಂದ ಬಿಗಿದರೆ ಏನಾಗುತ್ತದೆ? ಮರ ಕುಗ್ಗಲು ನೋಡುತ್ತದೆ, ಮೊಳೆ ಬಿಡುವುದಿಲ್ಲ. ಕೊನೆಗೆ ಹಲಗೆಯೇ ಸೀಳುತ್ತದೆ. ಹಾಗಾಗಿ ಅಡಿಯಲ್ಲಿ ಪುಟ್ಟ ಮರದ ತುಂಡುಗಳನ್ನು ಹಾಕುತ್ತೇನೆ. ಅವು ಚೌಕಟ್ಟಿನಲ್ಲಿ ತೋಡಿದ ಕಿರುಗಾಲುವೆಯಲ್ಲಿ ಅತ್ತಿತ್ತ ಜಾರುತ್ತವೆ. ಹಲಗೆ ಮೇಲೇಳುವುದಿಲ್ಲ, ಆದರೆ ಅಗಲಕ್ಕೆ ಆಡುತ್ತದೆ.

ಕಾಲು ಮತ್ತು ಅಡ್ಡಪಟ್ಟಿ ಸೇರುವ ಕಡೆ ಬೇರೆ ಉಪಾಯ. ಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೊಯ್ದು, ಕಾಲಿನಲ್ಲಿ ಅಷ್ಟೇ ಅಳತೆಯ ಗುಳಿ ತೋಡುತ್ತೇನೆ. ಎರಡನ್ನೂ ಕೂಡಿಸಿ ಅಡ್ಡಕ್ಕೆ ಮರದ ಗೂಟ ಹೊಡೆಯುತ್ತೇನೆ. ನಾಲಿಗೆಯ ತೂತನ್ನು ಮಾತ್ರ ಕಾಲಿನ ತೂತಿನ ನೇರಕ್ಕೆ ಕೊರೆಯುವುದಿಲ್ಲ, ಒಂದೆರಡು ಮಿ.ಮೀ. ನಾಲಿಗೆಯ ಬುಡದ ಕಡೆಗೆ ಸರಿಸುತ್ತೇನೆ. ಗೂಟ ಒಳಗೆ ಹೋಗುವಾಗ ಸ್ವಲ್ಪ ಬಾಗಿ, ಪಟ್ಟಿಯನ್ನು ಕಾಲಿಗೆ ಎಳೆದು ಹಿಡಿಯುತ್ತದೆ. ಆ ಎಳೆತ ಉಳಿದುಕೊಳ್ಳುತ್ತದೆ. ಅಂಟಿಲ್ಲದೆಯೂ ಈ ಸಂದು ನಿಲ್ಲುತ್ತದೆ. ಗೂಟಕ್ಕೆ ಗರಗಸದಿಂದ ಕೊಯ್ದ ಕಡ್ಡಿ ಆಗದು. ಎಳೆ ಹಿಡಿದು ಸೀಳಿದ ಕಡ್ಡಿಯೇ ಬೇಕು. ಎಳೆ ತುಂಡಾಗಿದ್ದರೆ ಬಾಗುವಾಗ ಅಲ್ಲೇ ಮುರಿಯುತ್ತದೆ.

ಹಾಗಂತ ಲೋಹ ಮುಟ್ಟುವುದೇ ಇಲ್ಲ ಅಂತಲ್ಲ. ದೀಪಕ್ಕೆ ಹೋಲ್ಡರ್ ಬೇಕು, ಸ್ಕ್ರೂ ಬೇಕು. ಅಲ್ಲಿ ಹಿತ್ತಾಳೆ ಬಳಸುತ್ತೇನೆ, ಅದು ಓಕ್ ಅನ್ನು ಕಬ್ಬಿಣದ ಹಾಗೆ ಕಪ್ಪಾಗಿಸುವುದಿಲ್ಲ. ಬಲ್ಬ್ ಎಲ್‌ಇಡಿಯೇ ಇರಲಿ ಅನ್ನುತ್ತೇನೆ. ಹಳೆಯ ತಂತಿ ಬಲ್ಬಿನ ಬಿಸಿಗೆ ಹತ್ತಿರದ ಮರವಷ್ಟೇ ಒಣಗಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಹಳೆಯ ಓಕ್ ಕುರ್ಚಿ ಅಲುಗಾಡಿದರೆ ದಯವಿಟ್ಟು ಮೊಳೆ ಹೊಡೆಯಬೇಡಿ. ರಿಪೇರಿಗೆ ಬರುವ ಕುರ್ಚಿಗಳಲ್ಲಿ ನಾನು ನೋಡುವ ಬಿರುಕುಗಳು ಹೆಚ್ಚಾಗಿ ಇಂಥ ಮೊಳೆಗಳಿಂದಲೇ ಆದವು. ಗೂಟ ಆರಪಾರ ಹೋಗಿದ್ದರೆ ಹಿಂದಿನಿಂದ ತಟ್ಟಿ ತೆಗೆಯಬಹುದು, ಇಲ್ಲದಿದ್ದರೆ ಕೊರೆದು ತೆಗೆಯಬೇಕು. ಸಂದು ಬಿಚ್ಚಿ, ಸವೆದ ನಾಲಿಗೆಗೆ ತೆಳ್ಳಗೆ ಒಂದು ಪದರ ಓಕ್ ಅಂಟಿಸಿ, ಹೊಸ ಗೂಟ ಹಾಕಿದರೆ ಸಾಕು. ಮೊಳೆ ಹೊಡೆದ ಸಂದನ್ನು ಮರ ಒಡೆಯದೆ ಬಿಚ್ಚುವುದು ಬಹಳ ಕಷ್ಟ.