ಅಪ್‌ಗ್ರೇಡ್ ಆದ ಸೋಮವಾರ ಕಪ್ಪಾದ ಮೂರು ಸ್ಕ್ರೀನ್‌ಗಳು

ಮೈಸೂರಿನ ಒಂದು ಆಫ್‌ಸೆಟ್ ಪ್ರೆಸ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಪ್ರಿಂಟರ್, ನೆಟ್‌ವರ್ಕ್, ಲ್ಯಾಪ್‌ಟಾಪ್, ಎಲ್ಲಕ್ಕೂ ನಾನೊಬ್ಬನೇ. ಲಗ್ನಪತ್ರಿಕೆ, ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ ಅಂತ ವರ್ಷವಿಡೀ ಕೆಲಸ ಇರುತ್ತದೆ. ದಸರಾ ಮುಗಿಯಿತು ಅಂದರೆ ಕ್ಯಾಲೆಂಡರ್ ಸೀಸನ್ ಶುರು. ಆಗ ಮೇಲಿನ ಡಿಸೈನ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪ್ ಕೆಟ್ಟರೂ ಕೆಳಗೆ ಮಷಿನ್ ಸುಮ್ನೆ ನಿಂತು ಕಾಯಬೇಕಾಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಅಂತ ಮೊದಲೇ ಗೊತ್ತಿತ್ತು. ನಮ್ಮ 14 ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕು ತೀರಾ ಹಳೆಯವು. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಕನಿಷ್ಠ ಎಂಟನೇ ಜನರೇಶನ್‌ದಾಗಿರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಆ ನಾಲ್ಕರಲ್ಲಿ ಅದು ಇರಲಿಲ್ಲ. ಉಳಿದ ಹತ್ತನ್ನು 11 ಮತ್ತು 12ನೇ ತಾರೀಕು, ಶನಿವಾರ ಭಾನುವಾರ ಕೂತು ಅಪ್‌ಗ್ರೇಡ್ ಮಾಡಿದೆ. ಭಾನುವಾರ ರಾತ್ರಿ ಎಲ್ಲ ಆನ್ ಮಾಡಿ ನೋಡಿದೆ. ಫೈಲ್ ಇದ್ದವು, ನುಡಿ ಫಾಂಟ್‌ಗಳು ಇದ್ದವು, ಪ್ರಿಂಟರ್ ಸಿಗುತ್ತಿತ್ತು. ನೆಮ್ಮದಿಯಿಂದ ಮನೆಗೆ ಹೋದೆ.

ಸೋಮವಾರ ಹತ್ತೂವರೆಗೆ ಡಿಸೈನ್ ರೂಮಿನಿಂದ ಫೋನ್. "ಸರ್, ಸ್ಕ್ರೀನ್ ಕಪ್ಪಾಗಿ ವಾಪಸ್ ಬರ್ತಿದೆ. ಪೇಜ್ ಮಾಡ್ತಿದ್ದ ಸಾಫ್ಟ್‌ವೇರ್ ಕ್ಲೋಸ್ ಆಗ್ಬಿಡ್ತು. ಮಾರ್ಚ್ ತಿಂಗಳ ಪುಟ ಪೂರ್ತಿ ಹೋಯ್ತು." ಹನ್ನೊಂದಕ್ಕೆ ಪಕ್ಕದ ಟೇಬಲ್‌ನ ಹುಡುಗನದೂ ಅದೇ ಮಾತು. ಮಧ್ಯಾಹ್ನ ಊಟ ಆದ ಮೇಲೆ ಡಿಟಿಪಿ ಮಾಡುವ ಅಕ್ಕ ಬಂದರು. ಇಪ್ಪತ್ತು ವರ್ಷದಿಂದ ಇದೇ ಪ್ರೆಸ್‌ನಲ್ಲಿದ್ದಾರೆ, ಜಾಸ್ತಿ ದೂರು ಹೇಳುವವರಲ್ಲ. "ನಂದೂ ಹಾಗೇ ಆಗ್ತಿದೆ ಕಣಪ್ಪ, ಪುರುಸೊತ್ತಾದಾಗ ನೋಡು" ಅಂದರು.

ಮೂರು ಲ್ಯಾಪ್‌ಟಾಪ್, ಒಂದೇ ದೂರು, ಎಲ್ಲಕ್ಕೂ ನಿನ್ನೆಯಷ್ಟೇ ಅಪ್‌ಗ್ರೇಡ್. ಹಾಗಾದರೆ ಕಾರಣವೂ ಒಂದೇ ಅಂತ ಅಂದುಕೊಂಡೆ. ನನ್ನ ಮೂರು ದಿನ ಹಾಳಾಗಿದ್ದು ಇಲ್ಲೇ.

ಆ ಮೂರು ದಿನ ಏನು ಮಾಡಿದೆ ಅಂತ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿರುವ ಎಷ್ಟೋ ಜನ ಹೀಗೇ ಮಾಡುವುದನ್ನು ಕಂಡಿದ್ದೇನೆ. ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಕಂಪನಿಯ ಸೈಟಿನಿಂದ ಎಲ್ಲಕ್ಕಿಂತ ಹೊಸ ಡ್ರೈವರ್, ಅಂದರೆ ಆ ಚಿಪ್ ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್, ತಂದು ಹಾಕಿದೆ. ಅದೇ ಕೈಯಲ್ಲಿ ಬಯೋಸ್, ಅಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ಓಡುವ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದೆ. ಪವರ್ ಪ್ಲಾನ್ ಬದಲಾಯಿಸಿದೆ. ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿದೆ. ಮಂಗಳವಾರ ಮಧ್ಯಾಹ್ನದವರೆಗೆ ಒಂದು ಲ್ಯಾಪ್‌ಟಾಪ್ ಚೆನ್ನಾಗಿತ್ತು. ಸರಿಹೋಯಿತು ಅಂತ ಎಲ್ಲರಿಗೂ ಹೇಳಿದೆ. ಸಂಜೆ ಮತ್ತೆ ಕಪ್ಪಾಯಿತು. ಮಾಡಿದ್ದ ನಾಲ್ಕರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಇನ್ನೊಂದು ತೊಂದರೆಯೂ ಆಯಿತು. ಬಯೋಸ್ ಅಪ್‌ಡೇಟ್ ಮಾಡುವ ಮೊದಲು ಡಿಸ್ಕ್‌ಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿರಲಿಲ್ಲ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿರಲಿಲ್ಲ. ರೀಸ್ಟಾರ್ಟ್ ಆಗುತ್ತಿದ್ದಂತೆ ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಆ ಲ್ಯಾಪ್‌ಟಾಪ್ ಯಾವ ಅಕೌಂಟ್‌ಗೆ ಸೇರಿದೆ ಅಂತ ಹುಡುಕಿ ಕೀ ತೆಗೆಯುವ ಹೊತ್ತಿಗೆ ಒಂದೂವರೆ ಗಂಟೆ ಹೋಗಿತ್ತು. ದಯವಿಟ್ಟು ಇದೊಂದನ್ನು ಮರೆಯಬೇಡಿ. ಬಯೋಸ್ ಮುಟ್ಟುವ ಮೊದಲು, ಸೇಫ್ ಮೋಡ್‌ಗೆ (ತೀರಾ ಬೇಕಾದ ಡ್ರೈವರ್‌ಗಳಷ್ಟರಿಂದಲೇ ವಿಂಡೋಸ್ ನಡೆಸುವ ವಿಧಾನ) ಹೋಗುವ ಮೊದಲು ಆ ಕೀ ನಿಮ್ಮ ಕೈಯಲ್ಲಿರಲಿ.

ಬುಧವಾರ ರಾತ್ರಿ, ನನಗೆ ಈ ಕೆಲಸ ಕಲಿಸಿದ ಹಿರಿಯರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. "ಇಷ್ಟೆಲ್ಲ ಮಾಡಿದ್ಯಲ್ಲ, ಮಷಿನ್ ಏನು ಬರೆದಿಟ್ಟಿದೆ ಅಂತ ಓದಿದ್ಯಾ?"

ಓದಿರಲಿಲ್ಲ.

ಗುರುವಾರ ಬೆಳಿಗ್ಗೆ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆ. ಮೊದಲು ರಿಲಯಬಿಲಿಟಿ ಮಾನಿಟರ್ ತೆಗೆದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿದರೆ ಸಿಗುತ್ತದೆ. ದಿನಕ್ಕೊಂದು ಕಂಬ, ತೊಂದರೆಯಾದ ದಿನಕ್ಕೆ ಕೆಂಪು ಗುರುತು. ಆಮೇಲೆ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್. ಅಲ್ಲಿ ಸಾಲಾಗಿ 4101 ಅನ್ನುವ ನಂಬರ್. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಅನ್ನುವುದು ಅದರ ಅರ್ಥ.

ಇಲ್ಲಿ ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಮುಂದಿನದು ಸುಲಭ. ವಿಂಡೋಸ್ ಗ್ರಾಫಿಕ್ಸ್ ಚಿಪ್‌ಗೆ ಒಂದು ಕೆಲಸ ಕೊಟ್ಟು ಕಾಯುತ್ತದೆ. ಮಾಮೂಲಾಗಿ ಎರಡು ಸೆಕೆಂಡ್. ಅಷ್ಟರೊಳಗೆ ಉತ್ತರ ಬರದಿದ್ದರೆ ಚಿಪ್ ಸಿಕ್ಕಿಹಾಕಿಕೊಂಡಿದೆ ಅಂತ ತಿಳಿದು ಅದನ್ನು ರೀಸೆಟ್ ಮಾಡುತ್ತದೆ. ಸ್ಕ್ರೀನ್ ಒಂದು ಕ್ಷಣ ಕಪ್ಪಾಗುವುದು ಆಗಲೇ. ಇದಕ್ಕೆ ಟಿಡಿಆರ್ ಅಂತ ಹೆಸರು, ವಿಂಡೋಸ್ ವಿಸ್ಟಾ ಕಾಲದಿಂದ ಇದೆ. ರೀಸೆಟ್ ಆದಾಗ ಡೆಸ್ಕ್‌ಟಾಪ್ ವಾಪಸ್ ಬರುತ್ತದೆ. ಆದರೆ ಆ ಚಿಪ್ ಬಳಸಿ ಕೆಲಸ ಮಾಡುತ್ತಿದ್ದ ದೊಡ್ಡ ಸಾಫ್ಟ್‌ವೇರ್‌ಗಳು ಎಷ್ಟೋ ಸಲ ಬಿದ್ದುಹೋಗುತ್ತವೆ. ಮಾರ್ಚ್ ತಿಂಗಳ ಪುಟ ಹೋಗಿದ್ದು ಹಾಗೆ. ಒಂದು ನಿಮಿಷದೊಳಗೆ ಇದೇ ಮತ್ತೆ ಮತ್ತೆ ಆದರೆ ವಿಂಡೋಸ್ ಕೈಚೆಲ್ಲಿ ನೀಲಿ ಸ್ಕ್ರೀನ್ ತೋರಿಸುತ್ತದೆ. ಆ ನೀಲಿ ಸ್ಕ್ರೀನ್‌ನಲ್ಲಿ ಫೈಲಿನ ಹೆಸರು ಬಂದರೆ ಬರೆದಿಟ್ಟುಕೊಳ್ಳಿ. ಎನ್‌ವಿ ಅಂತ ಶುರುವಾದರೆ ಎನ್ವಿಡಿಯಾ ಡ್ರೈವರ್, ಐಜಿಡಿ ಅಂತ ಶುರುವಾದರೆ ಇಂಟೆಲ್‌ದು.

ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಎಂಟೋ ಹತ್ತೋ ಮಾಡಿಬಿಡಿ ಅನ್ನುವ ಸಲಹೆ ತುಂಬಾ ಕಡೆ ಸಿಗುತ್ತದೆ. ತ್ರೀಡಿ ರೆಂಡರಿಂಗ್‌ನಂಥ ಭಾರದ ಕೆಲಸ ಮಾಡುವವರಿಗೆ ಅದು ಬೇಕಾಗಬಹುದು. ಕ್ಯಾಲೆಂಡರ್ ಪುಟ ಜೋಡಿಸುವಾಗ ಎರಡು ಸೆಕೆಂಡ್ ಸಾಲದು ಅಂದರೆ ತೊಂದರೆ ಬೇರೆ ಎಲ್ಲೋ ಇದೆ. ಜ್ವರ ಬಂದವನ ಥರ್ಮಾಮೀಟರ್ ಕಿತ್ತುಕೊಂಡ ಹಾಗೆ ಅದು. ನಾನು ಮಾಡಲಿಲ್ಲ.

ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ, ಒಂದೊಂದು ಲ್ಯಾಪ್‌ಟಾಪ್‌ನ 4101ರ ಹೊತ್ತುಗಳನ್ನು ಬರೆದೆ. ಡಿಸೈನರ್ ಹುಡುಗರ ಎರಡರಲ್ಲೂ ಬೆಳಿಗ್ಗೆ ಹತ್ತೂಕಾಲರಿಂದ ಸಂಜೆವರೆಗೆ, ಯಾವಾಗೆಂದರೆ ಆವಾಗ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಎಲ್ಲವೂ ಮಧ್ಯಾಹ್ನ ಎರಡರ ಮೇಲೆ. ಬೆಳಿಗ್ಗೆ ಒಂದೂ ಇಲ್ಲ. ಬರೆದು ಮುಗಿಸುವ ಮೊದಲೇ ಗೊತ್ತಾಯಿತು, ಇವು ಒಂದೇ ಕಾಯಿಲೆ ಅಲ್ಲ.

ಮೊದಲು ಹುಡುಗರದು. ಅವರಿಬ್ಬರಿಗೂ ದೊಡ್ಡ ಮಾನಿಟರ್ ಇದೆ, ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿರುತ್ತಾರೆ. ಬೇರೆ ಯಾರಿಗೂ ಇಲ್ಲ. ಆ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್. ಪ್ರೊಸೆಸರ್ ಜೊತೆಗೇ ಇರುವುದು ಒಂದು, ಪ್ರತ್ಯೇಕವಾಗಿ ಕೂರಿಸಿರುವುದು ಇನ್ನೊಂದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಯಾವ ಸ್ಕ್ರೀನ್ ಯಾವ ಚಿಪ್‌ಗೆ ಸೇರಿದೆ ಅಂತ ತೋರಿಸುತ್ತದೆ. ಲ್ಯಾಪ್‌ಟಾಪ್‌ನ ಸ್ವಂತ ಸ್ಕ್ರೀನ್ ಮೊದಲನೆಯದಕ್ಕೆ, ಎಚ್‌ಡಿಎಂಐ ಎರಡನೆಯದಕ್ಕೆ. ಅಂದರೆ ದೊಡ್ಡ ಮಾನಿಟರ್ ಹಾಕಿದಾಗ ಎರಡೂ ಚಿಪ್ ಒಟ್ಟಿಗೆ ದುಡಿಯಬೇಕು, ಆ ಎರಡರ ಡ್ರೈವರ್‌ಗಳ ನಡುವೆ ಹೊಂದಾಣಿಕೆ ಇರಬೇಕು.

ಅಕ್ಕಪಕ್ಕದ ಬೇರೆ ಲ್ಯಾಪ್‌ಟಾಪ್‌ಗಳು ಯಾಕೆ ಚೆನ್ನಾಗಿದ್ದವು ಅಂತಲೂ ಆಗ ಅರ್ಥವಾಯಿತು. ಪರೀಕ್ಷೆಗೆ ಕೇಬಲ್ ಕಿತ್ತು ಎರಡು ಗಂಟೆ ಕೆಲಸ ಮಾಡಿಸಿದೆ. ಒಂದು ಸಲವೂ ಕಪ್ಪಾಗಲಿಲ್ಲ. ಮತ್ತೆ ಹಾಕಿದೆ. ಹನ್ನೆರಡು ನಿಮಿಷಕ್ಕೆ ಬಂತು.

ಡಿವೈಸ್ ಮ್ಯಾನೇಜರ್‌ನಲ್ಲಿ ಎರಡರ ಡ್ರೈವರ್ ತಾರೀಕು ನೋಡಿದೆ. ಒಂದು 2021ರದು, ಒಂದು 2025ರದು. ನಾನು ಕೈಯಾರೆ ಹೊಸದು ಹಾಕಿದ್ದು ಎರಡನೇ ಚಿಪ್‌ಗೆ ಮಾತ್ರ. ಮೊದಲನೆಯದಕ್ಕೆ ಹಳೆಯದೇ ಅಪ್‌ಗ್ರೇಡ್ ಜೊತೆ ನಡೆದುಕೊಂಡು ಬಂದಿತ್ತು. ಅಪ್‌ಡೇಟ್ ಡ್ರೈವರ್ ಒತ್ತಿದರೆ ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ ಅನ್ನುವ ಉತ್ತರ ಬರುತ್ತಿತ್ತು. ಆ ಉತ್ತರವನ್ನು ಮೂರು ದಿನ ನಂಬಿದ್ದೆ. ವಿಂಡೋಸ್‌ಗೆ ಆ ಹೊತ್ತಿನಲ್ಲಿ ಸಿಗುವ ಡ್ರೈವರ್‌ಗಳಲ್ಲಿ ಅದು ಮೇಲು ಅಂತ ಮಾತ್ರ ಅದರ ಅರ್ಥ. ನಿಮ್ಮ ಮಾಡೆಲ್‌ಗೆ ಅದೇ ಸರಿ ಅಂತ ಅಲ್ಲ.

ಲ್ಯಾಪ್‌ಟಾಪ್ ತಯಾರಕರ ಸೈಟಿಗೆ ಹೋಗಿ, ಸರ್ವಿಸ್ ನಂಬರ್ ಹಾಕಿ, ಆ ಮಾಡೆಲ್‌ಗೆ ವಿಂಡೋಸ್ 11ಕ್ಕೆ ಅಂತ ಕೊಟ್ಟಿದ್ದ ಎರಡೂ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಚಿಪ್ ಕಂಪನಿಯ ಸೈಟಿನಲ್ಲಿರುವುದಕ್ಕಿಂತ ಇವು ಸ್ವಲ್ಪ ಹಳೆಯವೇ. ಆದರೂ ಪರವಾಗಿಲ್ಲ, ಎರಡು ಚಿಪ್ ಇರುವ ಲ್ಯಾಪ್‌ಟಾಪ್‌ಗೆ ಅದೇ ಮಾಡೆಲ್‌ನಲ್ಲಿ ಜೊತೆಯಾಗಿ ಪರೀಕ್ಷೆ ಮಾಡಿದ ಡ್ರೈವರ್‌ಗಳೇ ಮೊದಲು ಅನ್ನುವುದು ನನ್ನ ಅಭಿಪ್ರಾಯ. ರಿಸ್ಟೋರ್ ಪಾಯಿಂಟ್ ಮಾಡಿಟ್ಟೆ. ವೈಫೈ ಆಫ್ ಮಾಡಿದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಎರಡೂ ಹಳೆಯ ಡ್ರೈವರ್‌ಗಳನ್ನು ಬೇರು ಸಮೇತ ತೆಗೆದೆ. ಆಮೇಲೆ ಮಾಮೂಲಿ ವಿಂಡೋಸ್‌ಗೆ ಬಂದು ಮೊದಲು ಪ್ರೊಸೆಸರ್ ಜೊತೆಗಿರುವ ಚಿಪ್‌ನದು ಹಾಕಿದೆ, ರೀಸ್ಟಾರ್ಟ್ ಮಾಡಿ ಎರಡನೆಯದು ಹಾಕಿದೆ.

ವೈಫೈ ಆಫ್ ಮಾಡುವ ಮಾತು ಚಿಕ್ಕದಾಗಿ ಕಾಣುತ್ತದೆ, ಆದರೆ ಅದು ಬೇಕೇ ಬೇಕು. ಇಂಟರ್ನೆಟ್ ಇದ್ದರೆ ನೀವು ತೆಗೆದ ಜಾಗದಲ್ಲಿ ವಿಂಡೋಸ್ ಅಪ್‌ಡೇಟ್ ತಾನೇ ಒಂದು ಡ್ರೈವರ್ ತಂದು ಕೂರಿಸಿಬಿಡುತ್ತದೆ. ಮೊದಲನೇ ಲ್ಯಾಪ್‌ಟಾಪ್‌ನಲ್ಲಿ ನಾನು ಕೆಲಸ ಮುಗಿಸಿ ವೈಫೈ ಹಾಕಿದ ರಾತ್ರಿಯೇ ಹಾಗೆ ಆಯಿತು. ಅಪ್‌ಡೇಟ್ ಹಿಸ್ಟರಿಯಲ್ಲಿ ಡ್ರೈವರ್ ಅಪ್‌ಡೇಟ್ಸ್ ಅನ್ನುವ ಭಾಗದಲ್ಲಿ ತಾರೀಕು ಸಮೇತ ಇತ್ತು. ಮತ್ತೆ ಮೊದಲಿಂದ ಮಾಡಿದೆ. ನಮ್ಮದು ಪ್ರೊ ಆವೃತ್ತಿ, ಹಾಗಾಗಿ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ಗಳಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಸೇರಿಸಬೇಡ ಅನ್ನುವುದನ್ನು ಆನ್ ಮಾಡಿಟ್ಟೆ. ಶುಕ್ರವಾರದಿಂದ ಎರಡೂ ಚೆನ್ನಾಗಿ ನಡೆದವು.

ಇನ್ನು ಅಕ್ಕನ ಲ್ಯಾಪ್‌ಟಾಪ್. ಅದರಲ್ಲಿ ಇರುವುದು ಒಂದೇ ಚಿಪ್, ಹೊರಗಿನ ಮಾನಿಟರ್ ಇಲ್ಲ. ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. "ಅಕ್ಕ, ಅಪ್‌ಗ್ರೇಡ್‌ಗೆ ಮೊದಲು ಹೀಗೆ ಆಗಿತ್ತಾ?" ಅಂತ ಕೇಳಿದೆ. ಸ್ವಲ್ಪ ಯೋಚಿಸಿದರು. "ಗಣೇಶನ ಹಬ್ಬ ಆದ್ಮೇಲೆ ಎರಡ್ಮೂರು ಸಲ ಆಗಿತ್ತು. ತಾನೇ ಸರಿಹೋಗ್ತಿತ್ತು. ನಿಂಗ್ಯಾಕೆ ತೊಂದರೆ ಅಂತ ಹೇಳಿಲ್ಲ."

ಆ ಮಾತು ನನಗೆ ನಿಜಕ್ಕೂ ಬೇಸರ ತಂದಿತು. ಅವರ ಮೇಲಲ್ಲ. ನಾನು ಸೋಮವಾರವೇ ಈ ಪ್ರಶ್ನೆ ಕೇಳಬೇಕಿತ್ತು, ಅಲ್ವಾ?

ಇವೆಂಟ್ ವ್ಯೂವರ್‌ನಲ್ಲಿ ಅಪ್‌ಗ್ರೇಡ್‌ಗೆ ಹಿಂದಿನ ದಾಖಲೆ ಇರಲಿಲ್ಲ. ಆದರೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್ ಇನ್ನೂ ಇತ್ತು. ಹಳೆಯ ವಿಂಡೋಸ್ ಪೂರ್ತಿ ಅದರಲ್ಲೇ ಇರುತ್ತದೆ, ಲಾಗ್ ಫೈಲ್ ಸಮೇತ. ಮಾಮೂಲಾಗಿ ಹತ್ತು ದಿನ ಇಟ್ಟುಕೊಂಡು ಆಮೇಲೆ ಅಳಿಸಿಹಾಕುತ್ತದೆ. ಅಲ್ಲಿಂದ ಸಿಸ್ಟಮ್ ಲಾಗ್ ತೆಗೆದು ಓಪನ್ ಮಾಡಿದೆ. ಸೆಪ್ಟೆಂಬರ್‌ನಲ್ಲಿ ಮೂರು ಸಲ 4101. ಮೂರೂ ಮಧ್ಯಾಹ್ನದ ಮೇಲೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು ಅಷ್ಟೇ. ಇದಕ್ಕೂ ಅಪ್‌ಗ್ರೇಡ್‌ಗೂ ಸಂಬಂಧ ಇರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಇನ್‌ಸ್ಟಾಲ್ ಮಾಡುವುದೇನೂ ಬೇಡ, ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ. ಬೇರೆ ಸಿಸ್ಟಮ್, ಬೇರೆ ಡ್ರೈವರ್. ಅದರಲ್ಲೂ ತೊಂದರೆ ಬಂದರೆ ಹಾರ್ಡ್‌ವೇರ್ ಕಡೆ ನೋಡಬೇಕು ಅಂತ ಲೆಕ್ಕ. ದೊಡ್ಡ ವಿಡಿಯೋ ಹಾಕಿ ಬಿಟ್ಟೆ. ಕೀಬೋರ್ಡ್ ಮೇಲಿನ ಜಾಗ ಕೈ ಇಡಲಾಗದಷ್ಟು ಬಿಸಿಯಾಯಿತು. ಇಪ್ಪತ್ತನೇ ನಿಮಿಷಕ್ಕೆ ಸ್ಕ್ರೀನ್ ಹಾಗೇ ನಿಂತುಬಿಟ್ಟಿತು.

ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಬಿಳಿ ಪದರ. ಮನೆಯ ಧೂಳು ಬೂದು ಬಣ್ಣ ಇರುತ್ತದೆ, ಇದು ಹಿಟ್ಟಿನಷ್ಟು ನುಣುಪು. ಬೆರಳಿಗೆ ಹತ್ತಿದ್ದನ್ನು ನೋಡಿದ ಕೂಡಲೇ ಅಕ್ಕ ಹೇಳಿದರು, "ಅಯ್ಯೋ, ಇದು ನಮ್ಮ ಸ್ಪ್ರೇ ಪೌಡರ್!" ಆಫ್‌ಸೆಟ್ ಮಷಿನ್‌ನಲ್ಲಿ ಹಾಳೆಗಳು ಒಂದರ ಮೇಲೊಂದು ಬೀಳುವಾಗ ಹಸಿ ಇಂಕ್ ಮೇಲಿನ ಹಾಳೆಯ ಬೆನ್ನಿಗೆ ಹತ್ತದಿರಲಿ ಅಂತ ನುಣ್ಣನೆಯ ಪೌಡರ್ ಊದುತ್ತಾರೆ. ಅಕ್ಕನ ಟೇಬಲ್ ಇರುವುದು ಮಷಿನ್ ಹಾಲ್‌ನ ಬಾಗಿಲ ಪಕ್ಕ. ವರ್ಷಗಟ್ಟಲೆ ಆ ಪೌಡರ್ ಫ್ಯಾನ್ ಒಳಗೆ ಹೋಗಿ, ಬಿಸಿ ಗಾಳಿ ಹೊರಗೆ ಹೋಗುವ ಸಣ್ಣ ಸಂದುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಬೆಳಿಗ್ಗೆ ಅವರು ಬರೀ ಟೈಪಿಂಗ್ ಮಾಡುತ್ತಾರೆ, ಮಧ್ಯಾಹ್ನದ ಮೇಲೆ ಫೋಟೋ ಕೆಲಸ. ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದುದು ಆಗ. ಹೊತ್ತಿನ ಲೆಕ್ಕ ಸರಿಹೋಯಿತು.

ಫ್ಯಾನ್ ತಿರುಗದಂತೆ ಹಿಡಿದು ಬ್ರಷ್‌ನಲ್ಲಿ ಬಿಡಿಸಿ, ಗಾಳಿ ಊದಿ ತೆಗೆದೆ. ಚಿಪ್‌ನ ಬಿಸಿಯನ್ನು ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. ಒಟ್ಟು ನಲವತ್ತು ನಿಮಿಷದ ಕೆಲಸ. ಆ ಲ್ಯಾಪ್‌ಟಾಪ್‌ನಲ್ಲಿ ನಾನು ಹಾಕಿದ್ದ ಡ್ರೈವರ್, ಬಯೋಸ್ ಯಾವುದೂ ಬೇಕಾಗಿರಲಿಲ್ಲ.

ಮಾರ್ಚ್ ತಿಂಗಳ ಪುಟವನ್ನು ಹುಡುಗ ಮತ್ತೆ ಮೊದಲಿಂದ ಮಾಡಿದ. ಕ್ಯಾಲೆಂಡರ್ ದೀಪಾವಳಿಗೆ ಮೊದಲೇ ಪ್ರಿಂಟಿಂಗ್ ಪ್ಲೇಟ್‌ಗೆ ಹೋಯಿತು. ಆ ನೋಟ್‌ಬುಕ್ ಈಗಲೂ ನನ್ನ ಟೇಬಲ್ ಮೇಲಿದೆ. ಯಾರೇ ಬಂದು ಸ್ಕ್ರೀನ್ ಹೋಯಿತು ಅಂದರೂ ಮೊದಲು ಎಷ್ಟು ಹೊತ್ತಿಗೆ, ಏನು ಮಾಡುವಾಗ, ಏನೇನು ಜೋಡಿಸಿತ್ತು, ಮೊದಲು ಆಗಿತ್ತಾ ಅಂತ ಬರೆದುಕೊಳ್ಳುತ್ತೇನೆ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಪಕ್ಕದಲ್ಲಿ ತಾರೀಕು.

ಜನವರಿಯಲ್ಲಿ ಅಕ್ಕನ ಲ್ಯಾಪ್‌ಟಾಪ್ ಮತ್ತೆ ಬಿಚ್ಚಿ ನೋಡಿದೆ. ಮೂರೇ ತಿಂಗಳಿಗೆ ರೆಕ್ಕೆಗಳ ಮೇಲೆ ಬೆರಳಿಗೆ ಹತ್ತುವಷ್ಟು ಪೌಡರ್ ಕೂತಿತ್ತು. ಅದನ್ನು ಹಾಗೇ ಯಜಮಾನರ ಹತ್ತಿರ ತೆಗೆದುಕೊಂಡು ಹೋಗಿ ತೋರಿಸಿದೆ. ಮಾರನೇ ದಿನವೇ ಅಕ್ಕನ ಟೇಬಲ್ ಅನ್ನು ಬಾಗಿಲ ಪಕ್ಕದಿಂದ ಕಿಟಕಿ ಹತ್ತಿರ ಹಾಕಿಸಿದರು.