ಬೀಗದ ಕೈ ಯಾರ ಹತ್ತಿರ?

ಕಾಲೇಜಿನ ನೆನಪು ಬರೆಯಿರಿ ಎಂದು ಕೇಳಿದಾಗ ನನಗೆ ಮೊದಲು ಕಣ್ಣ ಮುಂದೆ ಬಂದದ್ದು ನಮ್ಮ ಫಿಸಿಕ್ಸ್ ಮೇಷ್ಟ್ರು. 1992ರ ಜನವರಿ ಮೊದಲ ವಾರ. ಸೋವಿಯತ್ ಒಕ್ಕೂಟ ಒಡೆದು ಹತ್ತು ದಿನವೂ ಆಗಿರಲಿಲ್ಲ. ಪಾಠದ ಮಧ್ಯೆ ನಿಲ್ಲಿಸಿ ಕೇಳಿದರು: "ದೇಶವೇನೋ ಹೋಯ್ತು. ಆ ಬಾಂಬುಗಳ ಬೀಗದ ಕೈ ಈಗ ಯಾರ ಹತ್ತಿರ ಇದೆ?" ಯಾರೂ ಬಾಯಿ ಬಿಡಲಿಲ್ಲ. ಮೇಷ್ಟ್ರೂ ಉತ್ತರ ಹೇಳದೆ ಬೋರ್ಡಿನ ಕಡೆ ತಿರುಗಿದರು.

ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಅದಕ್ಕೂ ಮೊದಲೇ ಒಬ್ಬರು ಸೋವಿಯತ್ ಅಧ್ಯಕ್ಷ ಗೊರ್ಬಚೇವ್ ಅವರನ್ನೇ ಕೇಳಿದ್ದರು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅವರು ಅಮೆರಿಕದ ಜಾರ್ಜಿಯಾ ರಾಜ್ಯದ ಸೆನೆಟರ್ ಸ್ಯಾಮ್ ನನ್. 1991ರ ಆಗಸ್ಟ್‌ನಲ್ಲಿ ಗೊರ್ಬಚೇವ್ ವಿರುದ್ಧ ನಡೆದ ದಂಗೆ ಮುರಿದುಬಿದ್ದ ಕೂಡಲೇ ಮಾಸ್ಕೋಗೆ ಹೋಗಿದ್ದರು. ಆ ದಿನಗಳಲ್ಲಿ ಅಣ್ವಸ್ತ್ರಗಳು ನಿಮ್ಮ ಕೈಯಲ್ಲೇ ಇದ್ದವಾ ಎಂದು ಕೇಳಿದರು. ಸಿಕ್ಕ ಉತ್ತರ ಅವರಿಗೆ ಸಮಾಧಾನ ತರಲಿಲ್ಲ.

ಈ ಭಯ ಅವರಿಗೆ ಹೊಸದಲ್ಲ. 1962ರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ಇಟ್ಟಿದ್ದಕ್ಕೆ ಬಿಕ್ಕಟ್ಟು ಎದ್ದಾಗ 24 ವರ್ಷದ ಹುಡುಗ, ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಯಲ್ಲಿದ್ದರು. ಯುದ್ಧ ಶುರುವಾದರೆ ವಿಮಾನ ಹಾರಿಸಲು ಕೆಲವೇ ಕ್ಷಣ ಸಿಗುತ್ತವೆ ಎಂಬ ಮಾತನ್ನು ಅಲ್ಲೇ ಕೇಳಿದ್ದರು. 1972ರಲ್ಲಿ ಸೆನೆಟ್‌ಗೆ ಗೆದ್ದರು. 1987ರಿಂದ ಎಂಟು ವರ್ಷ ಅದರ ಸಶಸ್ತ್ರ ಪಡೆಗಳ ಸಮಿತಿಗೆ ಅಧ್ಯಕ್ಷರು.

ಮಾಸ್ಕೋದಿಂದ ಮರಳಿ, ಸೋವಿಯತ್ ಸಿಡಿತಲೆ (ಕ್ಷಿಪಣಿ ಹೊತ್ತೊಯ್ಯುವ ಬಾಂಬು) ಕಾಯಲು, ಕಳಚಲು ಅಮೆರಿಕವೇ ದುಡ್ಡು ಕೊಡಬೇಕು ಎಂದರು. ನಿನ್ನೆಯವರೆಗಿನ ಶತ್ರುವಿಗೆ ದುಡ್ಡಾ? ಮೊದಲ ಪ್ರಯತ್ನ ಬಿದ್ದುಹೋಯಿತು. ಸುಮ್ನೆ ಕೂರಲಿಲ್ಲ. ಎದುರು ಪಕ್ಷದ ರಿಚರ್ಡ್ ಲೂಗರ್ ಅವರನ್ನು ಜೊತೆಗೆ ಕರೆದುಕೊಂಡರು. ನವೆಂಬರ್‌ನಲ್ಲಿ ಸೆನೆಟ್ 86–8 ಮತಗಳಿಂದ ಒಪ್ಪಿತು. ಮುಂದಿನ ವರ್ಷಗಳಲ್ಲಿ ಆ ಯೋಜನೆಯಿಂದ 7,600ಕ್ಕೂ ಜಾಸ್ತಿ ಸಿಡಿತಲೆಗಳು ನಿಷ್ಕ್ರಿಯವಾದವು. ಸಲಿಂಗಕಾಮಿಗಳು ಸೇನೆಯಲ್ಲಿ ಬಹಿರಂಗವಾಗಿ ಇರಬಾರದು ಎಂದು 1993ರಲ್ಲಿ ಅವರು ಹಟ ಹಿಡಿದಿದ್ದನ್ನು ನಾನು ಒಪ್ಪುವುದಿಲ್ಲ. ಆದರೆ ಈ ಕೆಲಸಕ್ಕೆ ಕೈ ಮುಗಿಯುತ್ತೇನೆ.

ಸೋವಿಯತ್ ಅಣ್ವಸ್ತ್ರಗಳು ರಷ್ಯಾ ಬಿಟ್ಟು ಉಕ್ರೇನ್, ಕಜಕಸ್ತಾನ, ಬೆಲಾರುಸ್‌ನಲ್ಲೂ ಉಳಿದಿದ್ದವು. ಅವನ್ನು ರಷ್ಯಾಕ್ಕೆ ವಾಪಸ್ ಕಳಿಸಬೇಕಿತ್ತು. 1996ರ ಜೂನ್‌ನಲ್ಲಿ ಉಕ್ರೇನಿನ ಪೆರ್ವೊಮೈಸ್ಕ್‌ನಲ್ಲಿ ಕ್ಷಿಪಣಿ ಇದ್ದ ಜಾಗದಲ್ಲಿ ಮೂರು ದೇಶಗಳ ರಕ್ಷಣಾ ಮಂತ್ರಿಗಳು ಸೂರ್ಯಕಾಂತಿ ನೆಟ್ಟರು. ಅಮೆರಿಕ, ರಷ್ಯಾ, ಉಕ್ರೇನ್. ಪೇಪರಿನ ಆ ತುಣುಕು ಕತ್ತರಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು. ಸ್ಯಾಮ್ ನನ್ ಹೆಸರು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಎಲ್ಲಾ ವಾಪಸ್ ಹೋದವಾ?"

"ಬೆಲಾರುಸ್‌ನಲ್ಲಿ ಇನ್ನೂ ಒಂದಿಷ್ಟು ಇವೆ ಸರ್."

"ಹಾಗಾದರೆ ಅವೂ ಹೋದ ಮೇಲೆ ಮತ್ತೆ ಬಾ" ಎಂದರು.

ನವೆಂಬರ್ ಕೊನೆಯಲ್ಲಿ ಮತ್ತೆ ಹೋದೆ.