ಹಸಿರು ಚುಕ್ಕಿ ಬರಲೇ ಇಲ್ಲ

ಮೂರು ದಿನದಿಂದ ಮೈಕ್ರೋಸ್ಕೋಪ್ ಕೋಣೆಯ ಕತ್ತಲಲ್ಲೇ ಕೂತಿದ್ದೆ. ಕಾಣಬೇಕಿದ್ದದ್ದು ಹಸಿರು ಚುಕ್ಕಿಗಳು. ಒಂದೂ ಬರಲಿಲ್ಲ.

ಜೀವಕೋಶದೊಳಗೆ ಲೈಸೋಸೋಮ್ ಅನ್ನುವ ಪುಟ್ಟ ಚೀಲಗಳಿವೆ. ಕೆಟ್ಟ, ಹಳೆಯ ಸಾಮಾನನ್ನೆಲ್ಲ ಅರಗಿಸುವುದು ಇವೇ. ಒಳಗೆ ಪಿಎಚ್ 5ರ ಆಸುಪಾಸು, ಒಳ್ಳೇ ಹುಳಿ. ಹೊರಗೆ ಸುಮಾರು 7.2. ಚೀಲ ತೂತಾದರೆ ಹುಳಿಯ ಜೊತೆ ಅರಗಿಸುವ ಕಿಣ್ವಗಳೂ ಸೋರುತ್ತವೆ. ಗೌಟ್ ಇರುವವರ ಹೆಬ್ಬೆರಳು ಕೆಂಪಗೆ ಊದಿಕೊಳ್ಳುವುದರ ಹಿಂದೆಯೂ ಇಂಥದ್ದೇ ಕತೆಯಿದೆ: ಯೂರಿಕ್ ಆಮ್ಲದ ಹರಳು ನುಂಗಿದ ಕೋಶಗಳ ಲೈಸೋಸೋಮ್ ಒಡೆಯುತ್ತದೆ.

ನಾನು ಎಲ್‌ಎಲ್‌ಒಎಂಇ ಅನ್ನುವ ರಾಸಾಯನಿಕ ಹಾಕಿ ಬೇಕಂತಲೇ ತೂತು ಮಾಡುತ್ತೇನೆ. (ಪಾಪ ಅನ್ನಿಸುತ್ತೆ. ಆದರೆ ಫೆಲೋಶಿಪ್ ಬರೋದು ಅದಕ್ಕೇ.) ಚೀಲದ ಒಳಮೈಗೆ ಸಕ್ಕರೆಯ ಸರಗಳಿರುತ್ತವೆ. ತೂತು ದೊಡ್ಡದಾದರೆ ಗ್ಯಾಲೆಕ್ಟಿನ್-3 ಅನ್ನುವ ಪ್ರೋಟೀನ್ ಒಳಗೆ ಹೋಗಿ ಅವಕ್ಕೆ ಅಂಟುತ್ತದೆ. ಈ ಪ್ರೋಟೀನ್‌ಗೆ ಮೊದಲೇ ಹಸಿರು ಹೊಳಪು ಕಟ್ಟಿರುತ್ತೇವೆ, ಅದು ಅಂಟಿದ ಕಡೆ ಹಸಿರು ಚುಕ್ಕಿ ಕಾಣಬೇಕು.

ಲ್ಯಾಬಿನ ಸೀನಿಯರ್ ಅಕ್ಕ ಇಣುಕಿದರು. "ಎಷ್ಟು ಹೊತ್ತು ಹಾಕಿದ್ದೆ?"

"ಐದು ನಿಮಿಷ ಅಕ್ಕ. ಆಮೇಲೆ ತೊಳೆದೆ."

"ಕೆಂಪು ಚಾನೆಲ್ ನೋಡಿದ್ಯಾ?"

ನೋಡಿರಲಿಲ್ಲ. ಕೋಶಕ್ಕೆ ಹಾಕಿರುವ ಕೆಂಪು ಬಣ್ಣ ಸೇರುವುದು ಹುಳಿಯಿರುವ ಚೀಲಕ್ಕೆ; ಹುಳಿ ಸೋರಿದರೆ ಅದೂ ಮಂಕಾಗುತ್ತದೆ. ವಿಡಿಯೋ ಹಿಂದಕ್ಕೆ ಓಡಿಸಿದರೆ, ಕೆಂಪು ಮಂಕಾಗಿ, ತೊಳೆದ ಮೇಲೆ ಮೆಲ್ಲಗೆ ವಾಪಸ್ ಬಂದಿದೆ! ಅಂದರೆ ತೂತು ಬಿದ್ದಿತ್ತು. ಮುಚ್ಚಿಯೂ ಹೋಗಿತ್ತು. ನಾನು ಸುಮ್ನೆ ಮೂರು ದಿನ ಬೈದುಕೊಂಡಿದ್ದೆ.

ತೇಪೆ ಹಾಕುವುದು ಎಸ್ಕ್ರಟ್ ಅನ್ನುವ ಪ್ರೋಟೀನ್ ತಂಡ. ಇದು 2018ರಲ್ಲಷ್ಟೇ ಚೆನ್ನಾಗಿ ಗೊತ್ತಾದದ್ದು. ಗ್ಯಾಲೆಕ್ಟಿನ್‌ಗಿಂತ ಮುಂಚೆಯೇ, ಒಂದೆರಡು ನಿಮಿಷದಲ್ಲಿ ಬಂದು ಸೇರುತ್ತದೆ. ತೂತಿನಿಂದ ಸೋರುವ ಕ್ಯಾಲ್ಸಿಯಂ ಅದಕ್ಕೆ ಸುಳಿವು.

ನಮ್ಮಪ್ಪನದು ಸೈಕಲ್ ಪಂಚರ್ ಅಂಗಡಿ. ರಾತ್ರಿ ಫೋನಲ್ಲಿ ಹೇಳಿದಾಗ ಥಟ್ಟನೆ ಅಂದರು, "ಟ್ಯೂಬ್ ನೀರಲ್ಲಿ ಮುಳುಗಿಸಿದ್ರೆ ಗುಳ್ಳೆ ಬರಲ್ವಾ, ಹಂಗೆ." ಹಾಗೇ! ಆಮೇಲೆ ಅವರದ್ದೇ ಪ್ರಶ್ನೆ: "ತೇಪೆಗೂ ಬಗ್ಗದಷ್ಟು ಹರಿದಿದ್ರೆ?"

ಆಗ ಕೋಶ ಆ ಚೀಲಕ್ಕೆ ಯುಬಿಕ್ವಿಟಿನ್ ಅನ್ನುವ ಗುರುತು ಹಚ್ಚುತ್ತದೆ, ಸುತ್ತಲೂ ಹೊಸ ಪೊರೆ ಕಟ್ಟುತ್ತದೆ. ಕೊನೆಗೆ ಇನ್ನೊಂದು ಗಟ್ಟಿ ಲೈಸೋಸೋಮ್ ಅದನ್ನು ಅರಗಿಸುತ್ತದೆ.

"ಹೊಸ ಟ್ಯೂಬ್?"

ಅದಕ್ಕೂ ಟಿಎಫ್‌ಇಬಿ ಅಂತ ಒಂದು ಪ್ರೋಟೀನ್ ಇದೆ ಅಂದೆ. ನ್ಯೂಕ್ಲಿಯಸ್‌ಗೆ ಹೋಗಿ ಹೊಸ ಲೈಸೋಸೋಮ್‌ಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ.

"ಸರಿ, ಊಟ ಮಾಡು" ಅಂದರು.

ನಾಳೆ ಐದು ನಿಮಿಷವಲ್ಲ, ಒಂದು ಗಂಟೆ ಬಿಡುತ್ತೇನೆ. ಹಸಿರು ಬಂದೇ ಬರಬೇಕು.